ರೈತರೇ ಕೊಂಡುಕೊಂಡ ರೈಲುಹಳಿ

ಮಸೂರ್ ಬೇಳೆಯನ್ನು ತೊಳೆದು ಕುಕ್ಕರಿಗೆ ಹಾಕುವಾಗ ಅದು ಎಲ್ಲಿಂದ ಬಂತು ಎಂದು ನಾವು ಯಾರೂ ಯೋಚಿಸುವುದಿಲ್ಲ. ಅಂಗಡಿಯಿಂದ ಬಂತು, ಅಷ್ಟೇ. ಅಂಗಡಿಯವನಿಗೆ ಮಂಡಿಯಿಂದ ಬಂತು. ಮಂಡಿಗೆ ಎಲ್ಲಿಂದ ಬಂತು? ಕೆಲವರು ಚನ್ನಂಗಿ ಬೇಳೆ ಎಂದು ಕರೆಯುವ ಈ ಕೇಸರಿ ಬಣ್ಣದ ಬೇಳೆಯನ್ನು ನಮ್ಮ ಉತ್ತರ ಭಾರತದ ರೈತರೂ ಬೆಳೆಯುತ್ತಾರೆ. ಆದರೆ ಅದು ನಮಗೆ ಸಾಲದು. ಸಾಲದ್ದನ್ನು ಹಡಗಿನಲ್ಲಿ ತರಿಸುತ್ತೇವೆ. ಹಾಗೆ ಬರುವ ಮಸೂರಿನಲ್ಲಿ ದೊಡ್ಡ ಪಾಲು ಹಲವು ವರ್ಷಗಳಿಂದ ಕೆನಡಾ ದೇಶದ್ದು. ಕೆನಡಾದ ಮಸೂರಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಲ್ಲಿನ ಒಂದೇ ಪ್ರಾಂತದ್ದು. ಅದರ ಹೆಸರು ಸಸ್ಕಾಚೆವಾನ್.

ನಮ್ಮ ಕರ್ನಾಟಕದ ಮೂರು ಪಟ್ಟಿಗಿಂತಲೂ ದೊಡ್ಡದಾದ ಈ ಪ್ರಾಂತದಲ್ಲಿ 2021ರ ಜನಗಣತಿಯಂತೆ ಇರುವ ಜನರು ಹನ್ನೊಂದು ಲಕ್ಷದ ಮೂವತ್ತು ಸಾವಿರದಷ್ಟು ಮಾತ್ರ. ನಮ್ಮ ಒಂದು ಸಾಧಾರಣ ಜಿಲ್ಲೆಯ ಜನಸಂಖ್ಯೆ! ಪ್ರಾಂತದ ದಕ್ಷಿಣ ಭಾಗ ಬಹುಪಾಲು ಬಯಲು. ಕಣ್ಣು ಹಾಯಿಸಿದಷ್ಟು ದೂರ ಗೋಧಿ, ಬಾರ್ಲಿ, ಬಟಾಣಿ, ಮಸೂರ್, ಹಳದಿ ಹೂವಿನ ಕ್ಯಾನೋಲಾ. ಸುತ್ತ ಎಲ್ಲಿಯೂ ಸಮುದ್ರವಿಲ್ಲ. ಪಶ್ಚಿಮದ ವ್ಯಾಂಕೂವರ್ ಬಂದರಿರಲಿ, ಪೂರ್ವದಲ್ಲಿ ದೊಡ್ಡ ಸರೋವರದ ದಡದಲ್ಲಿರುವ ಥಂಡರ್ ಬೇ ಬಂದರಿರಲಿ, ಎರಡೂ ಸಾವಿರ ಕಿಲೋಮೀಟರಿಗಿಂತ ದೂರ. ಅಷ್ಟು ದೂರಕ್ಕೆ ಕಾಳು ಸಾಗಿಸಲು ರೈಲು ಬಿಟ್ಟರೆ ಗತಿಯಿಲ್ಲ.

ರೈಲು ಎಂದರೆ ಎರಡು ಬಗೆ. ಒಂದು, ನೂರಕ್ಕೂ ಹೆಚ್ಚು ವ್ಯಾಗನ್‌ಗಳನ್ನು ಎಳೆದುಕೊಂಡು ಬೆಟ್ಟಗಳನ್ನು ದಾಟಿ ಬಂದರಿಗೆ ಹೋಗುವ ದೈತ್ಯ ರೈಲು. ಅದನ್ನು ಓಡಿಸುವುದು ದೊಡ್ಡ ಕಂಪೆನಿಗಳು. ಇನ್ನೊಂದು, ಹೊಲದ ಬದಿಯಿಂದ ಹೊರಟು ದೊಡ್ಡ ಹಳಿ ಸೇರುವವರೆಗೆ ಮಾತ್ರ ಓಡುವ ಪುಟ್ಟ ರೈಲು. ಅದರ ಹಾದಿಯನ್ನು ಅಲ್ಲಿ ಶಾರ್ಟ್ ಲೈನ್ ಎನ್ನುತ್ತಾರೆ. ನಾನು ಹೇಳಹೊರಟಿರುವುದು ಈ ಎರಡನೆಯದರ ಕಥೆ.

ನಿಧಾನವೇ ಇದರ ವೇಗ

ಇಂಥ ಹಾದಿಯಲ್ಲಿ ಗೂಡ್ಸ್ ರೈಲಿನ ವೇಗ ಎಷ್ಟಿರಬಹುದು? ಕೆಲವು ಕಡೆ ಗಂಟೆಗೆ 40 ಕಿಲೋಮೀಟರು. ಹಳಿ ಹಳೆಯದಾದ ಕಡೆ ಬರೀ 16. ಸೈಕಲ್ ತುಳಿಯುವ ಹುಡುಗನೂ ಅದನ್ನು ಹಿಂದಿಕ್ಕಬಹುದು! ನಗು ಬರಬಹುದು. ಆದರೆ ಕಾರಣವಿದೆ. ಈ ಹಳಿಗಳಲ್ಲಿ ಬಹಳಷ್ಟನ್ನು ಹಾಕಿದ್ದು ಸುಮಾರು ನೂರು ವರ್ಷಗಳ ಹಿಂದೆ. ಆಗ ವ್ಯಾಗನ್ನುಗಳು ಚಿಕ್ಕವು, ಹಳಿಯೂ ತೆಳುವು, ಸ್ಲೀಪರುಗಳು ಮರದವು. ಈಗಿನ ತುಂಬಿದ ಧಾನ್ಯದ ವ್ಯಾಗನ್ನಿನ ಒಟ್ಟು ತೂಕ 119 ಟನ್, ಹೊಸತಾದರೆ 130 ಟನ್. ಕೊಳೆತ ಸ್ಲೀಪರಿನ ಮೇಲೆ ಅಷ್ಟು ಭಾರ ಬಿದ್ದರೆ ಹಳಿ ಅಗಲವಾಗಿ ಚಕ್ರ ನೆಲಕ್ಕಿಳಿಯುತ್ತದೆ. ಆದ್ದರಿಂದ ಮೆಲ್ಲಗೆ ಹೋಗಬೇಕು.

ರೈಲಿನಲ್ಲಿ ಸಾಮಾನ್ಯವಾಗಿ ಇರುವುದು ಇಬ್ಬರೇ. ಎಂಜಿನ್ ನಡೆಸುವವನೊಬ್ಬ, ಕಂಡಕ್ಟರ್ ಒಬ್ಬ. ಕಂಡಕ್ಟರ್ ಎಂದರೆ ಟಿಕೆಟ್ ಕೊಡುವವನಲ್ಲ, ನಮ್ಮ ಗಾರ್ಡ್ ಇದ್ದ ಹಾಗೆ. ಆದರೆ ನಮ್ಮ ಗಾರ್ಡಿನಂತೆ ಹಿಂದಿನ ಡಬ್ಬಿಯಲ್ಲಿ ಕುಳಿತು ಹಸಿರು ಬಾವುಟ ಬೀಸುವ ಕೆಲಸ ಅವನದಲ್ಲ. ದಿನದ ಬಹುಪಾಲು ಅವನು ನೆಲದ ಮೇಲೆಯೇ ಇರುತ್ತಾನೆ. ಪಾಯಿಂಟ್ ಬಂತೆಂದರೆ ಇಳಿದು ಬೀಗ ತೆಗೆದು ಕೈಯಿಂದಲೇ ಹಳಿ ತಿರುಗಿಸಬೇಕು. ರೈಲು ದಾಟಿದ ಮೇಲೆ ಮತ್ತೆ ಮೊದಲಿನಂತೆ ಮಾಡಿ ಬೀಗ ಹಾಕಬೇಕು. ಖಾಲಿ ವ್ಯಾಗನ್‌ಗಳನ್ನು ಊರಿನ ಪಕ್ಕದ ಹಳಿಯಲ್ಲಿ ಬಿಡಬೇಕು, ತುಂಬಿದವನ್ನು ಎತ್ತಿಕೊಳ್ಳಬೇಕು. ಎರಡು ವ್ಯಾಗನ್‌ಗಳ ನಡುವೆ ನಿಂತು ಬ್ರೇಕಿನ ಗಾಳಿಕೊಳವೆ ಜೋಡಿಸಬೇಕು.

ಈ ಕೊನೆಯ ಕೆಲಸ ಜೀವದೊಂದಿಗೆ ಆಡುವ ಕೆಲಸ. ಆದ್ದರಿಂದ ಅಲ್ಲೊಂದು ಕಟ್ಟುನಿಟ್ಟಿನ ರೂಢಿಯಿದೆ. ನಡುವೆ ಹೋಗುವ ಮೊದಲು ಕಂಡಕ್ಟರ್ ರೇಡಿಯೋದಲ್ಲಿ ಹೇಳುತ್ತಾನೆ. ಡ್ರೈವರ್ ಬ್ರೇಕ್ ಹಾಕಿ, ಎಂಜಿನ್ ಮುಂದಕ್ಕೂ ಹಿಂದಕ್ಕೂ ಎಳೆಯದಂತೆ ಹಿಡಿಕೆಯನ್ನು ನಡುವಿಗೆ ತಂದು, ಮೋಟಾರಿಗೆ ಹೋಗುವ ವಿದ್ಯುತ್ತನ್ನೂ ತಪ್ಪಿಸಿ, ಮರಳಿ ಉತ್ತರಿಸುತ್ತಾನೆ. ಆ ಉತ್ತರ ಕಿವಿಗೆ ಬಿದ್ದ ಮೇಲೆಯೇ ಕಾಲು ಮುಂದಿಡುವುದು. ಇಪ್ಪತ್ತು ವರ್ಷ ಜೊತೆಗೆ ದುಡಿದವರಾದರೂ ಸರಿಯೇ, ಪ್ರತಿ ಸಲ ಕೇಳಬೇಕು, ಪ್ರತಿ ಸಲ ಹೇಳಬೇಕು.

ವ್ಯಾಗನ್‌ಗಳನ್ನು ಬಿಟ್ಟುಹೋಗುವಾಗ ಕೈಬ್ರೇಕ್ ತಿರುಗಿಸುವುದೂ ಅಷ್ಟೇ ಮುಖ್ಯ. ಗಾಳಿಯ ಬ್ರೇಕನ್ನು ನಂಬಿ ಹೋಗುವಂತಿಲ್ಲ, ಏಕೆಂದರೆ ಗಾಳಿ ಸೋರುತ್ತದೆ. ಇದನ್ನು ಕೆನಡಾ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 2013ರ ಜುಲೈ 5ರ ರಾತ್ರಿ ಕ್ಯುಬೆಕ್ ಪ್ರಾಂತದಲ್ಲಿ 72 ತೈಲದ ಟ್ಯಾಂಕರ್‌ಗಳಿದ್ದ ರೈಲೊಂದನ್ನು ಇಳಿಜಾರಿನ ಮೇಲ್ಭಾಗದಲ್ಲಿ ನಿಲ್ಲಿಸಲಾಗಿತ್ತು. ಅದರಲ್ಲಿ ಇದ್ದದ್ದು ಒಬ್ಬನೇ ನೌಕರ, ಅವನೂ ಕೆಲಸ ಮುಗಿಸಿ ವಿಶ್ರಾಂತಿಗೆ ಹೋಗಿದ್ದ. ಹಾಕಿದ ಕೈಬ್ರೇಕುಗಳು ಸಾಲದಾದವು. ಎಂಜಿನ್ ಆರಿದ್ದರಿಂದ ಗಾಳಿ ಸೋರಿ ರೈಲು ತಾನಾಗಿ ಉರುಳಿ ಲ್ಯಾಕ್ ಮೆಗಾಂಟಿಕ್ ಎಂಬ ಊರಿನ ನಡುವೆ ಉರುಳಿಬಿದ್ದು ಹತ್ತಿಕೊಂಡಿತು. 47 ಮಂದಿ ಸತ್ತರು. ಅದು ಧಾನ್ಯದ ರೈಲಲ್ಲ, ಬಯಲಿನದ್ದೂ ಅಲ್ಲ. ಆದರೆ ದೊಡ್ಡ ಕಂಪೆನಿ ಬಿಟ್ಟುಕೊಟ್ಟ ಹಾದಿಯನ್ನು ನಡೆಸುತ್ತಿದ್ದ ಚಿಕ್ಕ ಕಂಪೆನಿಯ ರೈಲೇ ಅದು. ಕಡಿಮೆ ಜನ, ಕಡಿಮೆ ಹಣ, ಹಳೆಯ ಎಂಜಿನ್ ಇವುಗಳ ನಡುವೆ ಎಲ್ಲಿ ಮಿತವ್ಯಯ ಮಾಡಬಹುದು, ಎಲ್ಲಿ ಮಾಡಲೇಬಾರದು ಎಂಬ ಪ್ರಶ್ನೆ ಎಲ್ಲ ಪುಟ್ಟ ರೈಲುಗಳದ್ದೂ ಹೌದು.

ಇನ್ನು ಚಳಿಗಾಲ. ಸೊನ್ನೆಗಿಂತ 30 ಡಿಗ್ರಿ ಕೆಳಗೆ! ನಮ್ಮ ಫ್ರಿಜ್ಜಿನ ಮಂಜುಗಡ್ಡೆಯ ಪೆಟ್ಟಿಗೆಯೂ ಅಷ್ಟು ತಣ್ಣಗಿರುವುದಿಲ್ಲ. ಗಾಳಿಕೊಳವೆಯ ರಬ್ಬರು ಗಟ್ಟಿಯಾಗಿ ಸೋರತೊಡಗುತ್ತದೆ. ಉದ್ದದ ರೈಲಿನಲ್ಲಿ ಕೊನೆಯ ವ್ಯಾಗನ್ನಿನವರೆಗೆ ಗಾಳಿ ಸರಿಯಾಗಿ ತಲಪುವುದಿಲ್ಲ. ಪಾಯಿಂಟುಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ, ಪೊರಕೆ ಸಲಿಕೆ ಹಿಡಿದು ಬಿಡಿಸಬೇಕು. ಲೆವೆಲ್ ಕ್ರಾಸಿಂಗ್‌ಗಳಲ್ಲಿ ಲಾರಿ ಓಡಾಡಿ ಗಟ್ಟಿಯಾದ ಮಂಜು ಚಕ್ರವನ್ನೇ ಎತ್ತಿ ಹಳಿಯಿಂದ ಇಳಿಸಿಬಿಡಬಹುದು. ಇಷ್ಟರಲ್ಲಿಯೂ ರೈಲು ಹೋಗಲೇಬೇಕು. ಸುಗ್ಗಿ ಮುಗಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಾಳು ಮಾರಿ ಹಣ ಕೈಸೇರಬೇಕಾದದ್ದು ಇದೇ ಚಳಿಯಲ್ಲಿ.

ರೈತನೇ ತುಂಬುವ ವ್ಯಾಗನ್

ನಮ್ಮಲ್ಲಿ ಪಡಿತರದ ಅಕ್ಕಿ ಗೂಡ್ಸ್ ಶೆಡ್ಡಿಗೆ ಬರುವುದು ಗೋಣಿಚೀಲಗಳಲ್ಲಿ. ಹಮಾಲರು ಬೆನ್ನ ಮೇಲೆ ಹೊತ್ತು ಇಳಿಸುತ್ತಾರೆ. ಅಲ್ಲಿ ಚೀಲವಿಲ್ಲ. ಹಾಪರ್ ಎಂಬ ವ್ಯಾಗನ್ನಿನ ಮೇಲ್ಛಾವಣಿಯ ಬಾಗಿಲು ತೆಗೆದು ಕಾಳನ್ನು ಹಾಗೆಯೇ ಸುರಿಯುತ್ತಾರೆ. ಬಂದರಿನಲ್ಲಿ ತಳದ ಬಾಗಿಲು ತೆಗೆದರೆ ಕಾಳು ತಾನಾಗಿ ಇಳಿಯುತ್ತದೆ. ಒಂದು ಹಾಪರಿಗೆ ಸುಮಾರು 90 ಟನ್ ಗೋಧಿ ಹಿಡಿಸುತ್ತದೆ, ಎಂದರೆ ಎರಡು ದೊಡ್ಡ ಟ್ರೇಲರ್ ಲಾರಿಗಳ ಹೊರೆ.

ಸಾಮಾನ್ಯವಾಗಿ ಈ ತುಂಬುವ ಕೆಲಸ ನಡೆಯುವುದು ಎಲಿವೇಟರ್‌ಗಳಲ್ಲಿ. ಎಲಿವೇಟರ್ ಎಂದರೆ ಅಲ್ಲಿ ಧಾನ್ಯದ ಗೋಪುರ. ಹಿಂದೆ ಬಯಲಿನ ಪ್ರತಿಯೊಂದು ಊರಿನಲ್ಲೂ ರೈಲುಹಳಿಯ ಪಕ್ಕದಲ್ಲಿ ಮರದ ಎತ್ತರದ ಗೋಪುರವೊಂದು, ಕೆಲವೊಮ್ಮೆ ನಾಲ್ಕೈದು, ಇರುತ್ತಿದ್ದವು. ದೂರದಿಂದ ಊರನ್ನು ಗುರುತಿಸುತ್ತಿದ್ದುದು ಅದರಿಂದಲೇ. ಊರುಗಳೂ ಹತ್ತಿರ ಹತ್ತಿರ. ಕುದುರೆಗಾಡಿಯಲ್ಲಿ ಗೋಧಿ ತಂದ ರೈತ ಕತ್ತಲಾಗುವುದರೊಳಗೆ ಮನೆ ಸೇರಬೇಕಲ್ಲ? 1930ರ ದಶಕದಲ್ಲಿ ಪಶ್ಚಿಮ ಕೆನಡಾದಲ್ಲಿ ಇಂಥ 5,700ಕ್ಕೂ ಹೆಚ್ಚು ಗೋಪುರಗಳಿದ್ದವು. ಈಗ ಪರವಾನಿಗೆ ಇರುವವು ನಾನೂರರ ಆಸುಪಾಸು ಮಾತ್ರ, ಅವುಗಳಲ್ಲಿ ಹೆಚ್ಚಿನವು ದೊಡ್ಡ ಕಂಪೆನಿಗಳ ಕಾಂಕ್ರೀಟು ಮತ್ತು ಉಕ್ಕಿನ ಕಟ್ಟಡಗಳು.

ಗೋಪುರದವನು ಹೇಳಿದ್ದೇ ತೂಕ, ಹೇಳಿದ್ದೇ ದರ್ಜೆ, ಹೇಳಿದ್ದೇ ಬೆಲೆ ಎಂಬ ಸ್ಥಿತಿ ನೂರಿಪ್ಪತ್ತು ವರ್ಷಗಳ ಹಿಂದೆ ಅಲ್ಲಿಯೂ ಇತ್ತು. ದಲ್ಲಾಳಿಯ ತಕ್ಕಡಿಯ ಅನುಭವ ಇರುವ ನಮ್ಮ ರೈತ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈತ ತಾನೇ ವ್ಯಾಗನ್ ತುಂಬುತ್ತೇನೆಂದರೆ ರೈಲ್ವೆಯವರು ಅವನಿಗೆ ವ್ಯಾಗನ್ ಕೊಡುತ್ತಿರಲಿಲ್ಲ, ಗೋಪುರದವರಿಗೇ ಕೊಡುತ್ತಿದ್ದರು. 1901ರಲ್ಲಿ ಒಳ್ಳೆಯ ಬೆಳೆ ಬಂದು, ಸಾಗಿಸಲಾಗದೆ ಬಹಳಷ್ಟು ಹಾಳಾಯಿತು. ಅದೇ ವರ್ಷದ ಕೊನೆಯಲ್ಲಿ ರೈತರು ಸಂಘ ಕಟ್ಟಿದರು. ಕೇಳಿದವರ ಸರದಿಯಂತೆಯೇ ವ್ಯಾಗನ್ ಕೊಡಬೇಕೆಂದು ಕಾನೂನೂ ಬಂತು. ಆದರೆ ರೈಲ್ವೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1902ರಲ್ಲಿ ಸಿಂಟಲೂಟ ಎಂಬ ಚಿಕ್ಕ ಊರಿನ ರೈತರು ಕೆನಡಿಯನ್ ಪೆಸಿಫಿಕ್ ರೈಲ್ವೆಯ ಸ್ಟೇಷನ್ ಏಜೆಂಟನ ಮೇಲೆ ದಾವೆ ಹೂಡಿಯೇಬಿಟ್ಟರು. ಗೆದ್ದರು ಕೂಡ! ದೇಶದ ಅತ್ಯಂತ ಬಲಿಷ್ಠ ಕಂಪೆನಿಯ ಎದುರು ಹೊಲದ ಕೆಸರು ಮೆತ್ತಿದ ಬೂಟಿನವರು ಗೆದ್ದದ್ದು ಸಣ್ಣ ಮಾತಲ್ಲ.

ಅಂದು ಪಡೆದ ಹಕ್ಕು ಇಂದಿಗೂ ಇದೆ. ರೈತನು ಕೆನಡಾದ ಧಾನ್ಯ ಆಯೋಗಕ್ಕೆ ಅರ್ಜಿ ಹಾಕಿ ತನ್ನ ಹೆಸರಿಗೆ ವ್ಯಾಗನ್ ತರಿಸಿಕೊಳ್ಳಬಹುದು. ಅದನ್ನು ಪ್ರೊಡ್ಯೂಸರ್ ಕಾರ್ ಎನ್ನುತ್ತಾರೆ. ಪಕ್ಕದ ಹಳಿಯಲ್ಲಿ ವ್ಯಾಗನ್ ಬಂದು ನಿಂತಿತೆಂದರೆ ರೈತ ತನ್ನ ಲಾರಿ ಮತ್ತು ಕಾಳು ಮೇಲೆತ್ತುವ ತಿರುಪಿನ ಯಂತ್ರವನ್ನು ತಂದು ತಾನೇ ತುಂಬುತ್ತಾನೆ. ಗೋಪುರದವರಿಗೆ ಕೊಡಬೇಕಾದ ಶುಲ್ಕ ಉಳಿಯುತ್ತದೆ.

ಇಲ್ಲಿ ಮನೆಯ ಹೆಣ್ಣುಮಕ್ಕಳ ಪಾಲೂ ಇದೆ. ಆ ಬಯಲಿನ ಬೇಸಾಯ ಬಹುಪಾಲು ಕುಟುಂಬದ ಬೇಸಾಯ. ಸುಗ್ಗಿಯಲ್ಲಿ ಕೊಯ್ಲಿನ ಯಂತ್ರದಿಂದ ಕಾಳು ತುಂಬಿಸಿಕೊಂಡು ಲಾರಿ ಓಡಿಸುವವಳು ಅನೇಕ ಮನೆಗಳಲ್ಲಿ ಹೆಂಡತಿ ಅಥವಾ ಮಗಳು. ಯಂತ್ರ ನಿಲ್ಲಬಾರದೆಂದು ರಾತ್ರಿಯೂಟವನ್ನು ಹೊಲಕ್ಕೇ ತಲಪಿಸುವುದು, ಯಾವ ವ್ಯಾಗನ್ನಿಗೆ ಎಷ್ಟು ಹೋಯಿತು, ಹಣ ಬಂತೇ ಬರಲಿಲ್ಲವೇ ಎಂಬ ಲೆಕ್ಕ ಇಡುವುದು ಕೂಡ ಹಲವೆಡೆ ಅವರದೇ ಕೆಲಸ. ನಮ್ಮಲ್ಲಿ ಅಡಿಕೆ ಸುಲಿಯುವ, ಭತ್ತ ತೂರುವ ಹೆಂಗಸರನ್ನು ‘ರೈತರು’ ಎಂದು ಕರೆಯಲು ನಾವು ಮರೆಯುತ್ತೇವಲ್ಲ, ಅಲ್ಲಿಯೂ ಬಹುಕಾಲ ಹಾಗೆಯೇ ನಡೆದಿತ್ತು.

ಗುಜರಿ ಬೆಲೆಗೆ ರೈಲ್ವೆ

ಹಾಗಾದರೆ ಇಷ್ಟೆಲ್ಲ ಸರಿಯಿದ್ದ ಹಳಿಗಳು ಮುಚ್ಚುವ ಹಂತಕ್ಕೆ ಬಂದದ್ದು ಹೇಗೆ?

1897ರಲ್ಲಿ ಕೆನಡಿಯನ್ ಪೆಸಿಫಿಕ್ ಕಂಪೆನಿಯು ಬೆಟ್ಟದ ನಡುವೆ ಕ್ರೋಸ್ ನೆಸ್ಟ್ ಎಂಬ ಕಣಿವೆಯ ಮೂಲಕ ಹಾದಿ ಹಾಕಲು ಸರಕಾರದಿಂದ ಹಣ ಪಡೆಯಿತು. ಅದಕ್ಕೆ ಪ್ರತಿಯಾಗಿ ರೈತರ ಧಾನ್ಯವನ್ನು ಕಡಿಮೆ ದರಕ್ಕೆ ಸಾಗಿಸುವುದಾಗಿ ಒಪ್ಪಿತು. ಆ ದರಕ್ಕೆ ‘ಕ್ರೋ ದರ’ ಎಂದೇ ಹೆಸರಾಯಿತು. ಮುಂದಿನ ಸುಮಾರು ನೂರು ವರ್ಷ ಅದು ಒಂದಲ್ಲ ಒಂದು ರೂಪದಲ್ಲಿ ಬಯಲಿನ ರೈತನಿಗೆ ಆಸರೆಯಾಗಿತ್ತು. ರೈಲ್ವೆಗಳಿಗೆ ಮಾತ್ರ ಈ ಕವಲು ಹಾದಿಗಳಲ್ಲಿ ಲಾಭವಿಲ್ಲ, ದುರಸ್ತಿಗೆ ಮನಸ್ಸೂ ಇಲ್ಲ. 1995ರಲ್ಲಿ ಸರಕಾರ ಸಬ್ಸಿಡಿಯನ್ನು ನಿಲ್ಲಿಸಿತು. ರೈತನು ತೆರಬೇಕಾದ ಸಾಗಣೆ ದರ ದುಪ್ಪಟ್ಟಿಗೂ ಹೆಚ್ಚಾಯಿತು. ಮರುವರ್ಷವೇ ಬಂದ ಹೊಸ ಸಾರಿಗೆ ಕಾನೂನು ಕವಲು ಹಾದಿಗಳನ್ನು ಮುಚ್ಚುವುದನ್ನು ಸುಲಭಗೊಳಿಸಿತು.

ಮಸೂರಿನ ಕಥೆಗೆ ತಿರುವು ಸಿಕ್ಕಿದ್ದೂ ಇಲ್ಲಿಯೇ. ದೂರದ ಬಂದರಿಗೆ ಅಷ್ಟು ಬಾಡಿಗೆ ಕೊಟ್ಟು ಅಗ್ಗದ ಗೋಧಿ ಕಳಿಸಿದರೆ ಉಳಿಯುವುದೇನು? ಒಂದು ಟನ್ನಿಗೆ ಹೆಚ್ಚು ಬೆಲೆ ತರುವ ಬೆಳೆ ಬೇಕು. ಸಸ್ಕಾಚೆವಾನ್ ವಿಶ್ವವಿದ್ಯಾಲಯದ ತಳಿ ವಿಜ್ಞಾನಿ ಆಲ್ ಸ್ಲಿಂಕಾರ್ಡ್ ಅಲ್ಲಿನ ಮಣ್ಣಿಗೆ ಒಗ್ಗುವ ಲೇರ್ಡ್ ಎಂಬ ಮಸೂರ್ ತಳಿಯನ್ನು 1978ರಲ್ಲಿಯೇ ಬಿಡುಗಡೆ ಮಾಡಿದ್ದರು. ಬಾಡಿಗೆ ಏರಿದ ಮೇಲೆ ರೈತರು ಮಸೂರ್, ಬಟಾಣಿಗಳತ್ತ ಇನ್ನಷ್ಟು ವಾಲಿದರು. ಕೆನಡಾ ಜಗತ್ತಿನ ಅತಿ ದೊಡ್ಡ ಮಸೂರ್ ರಫ್ತುದಾರ ದೇಶವಾಯಿತು. ಎಲ್ಲಿಯೋ ರೈಲು ಬಾಡಿಗೆ ಏರಿದ್ದಕ್ಕೂ ನಮ್ಮ ತಟ್ಟೆಯ ದಾಲಿಗೂ ಇರುವ ನಂಟು ನೋಡಿ!

ಕಾನೂನಿನಲ್ಲಿ ಒಂದು ದಾರಿ ಮಾತ್ರ ಉಳಿದಿತ್ತು. ಹಾದಿಯನ್ನು ಮುಚ್ಚುವ ಮೊದಲು ಕಂಪೆನಿಯು ಅದನ್ನು ಮಾರಾಟಕ್ಕೆ ಇಡಬೇಕು. ಕೊಳ್ಳುವವರು ಸಿಗದಿದ್ದರೆ ಸರಕಾರಗಳಿಗೆ, ಸ್ಥಳೀಯ ಆಡಳಿತಗಳಿಗೆ ಕೇಳಬೇಕು. ಆಗಿನ ಬೆಲೆ ಹಳಿಯ ಕಬ್ಬಿಣ, ಸ್ಲೀಪರು, ಜಾಗ ಇವುಗಳನ್ನು ಕಿತ್ತು ಮಾರಿದರೆ ಎಷ್ಟು ಉಳಿಯುತ್ತದೋ ಅಷ್ಟು. ಗುಜರಿ ಬೆಲೆ ಎಂದಿಟ್ಟುಕೊಳ್ಳಿ. ಗುಜರಿ ಎಂದ ಮಾತ್ರಕ್ಕೆ ಅಗ್ಗವಲ್ಲ. ನೂರಾರು ಕಿಲೋಮೀಟರ್ ಉಕ್ಕು ಅದು. ಊರವರು ಕೊಳ್ಳದಿದ್ದರೆ ಕಂಪೆನಿ ಅದನ್ನು ಕಿತ್ತು ಸಾಗಿಸುತ್ತದೆ. ಒಮ್ಮೆ ಕಿತ್ತ ಹಳಿಯನ್ನು ಮತ್ತೆ ಹಾಕುವವರಿಲ್ಲ.

ಪ್ರಾಂತದ ನೈಋತ್ಯದ ಶಾನವನ್ ಸುತ್ತಲಿನ ಹಾದಿಗಳದ್ದು ಇದೇ ಪಾಡು. 2000ದಲ್ಲಿ ಕೆನಡಿಯನ್ ಪೆಸಿಫಿಕ್‌ನಿಂದ ಅವನ್ನು ಬೇರೆ ಪ್ರಾಂತದ ಕಂಪೆನಿಯೊಂದು ಕೊಂಡಿತು, ಗ್ರೇಟ್ ವೆಸ್ಟರ್ನ್ ರೈಲ್ವೆ ಎಂಬ ಹೆಸರಿನಲ್ಲಿ ಓಡಿಸಿತು. 2004ರಲ್ಲಿ ಅಲ್ಲಿನ ರೈತರೂ ಊರವರೂ ಹಣ ಕೂಡಿಸಿ ಆ ರೈಲ್ವೆಯನ್ನೇ ಕೊಂಡುಕೊಂಡರು. ನಿಪವಿನ್ ಬಳಿ 2008ರಲ್ಲಿ ಟಾರ್ಚ್ ರಿವರ್ ರೈಲ್ ಎಂಬ ಇನ್ನೂ ಪುಟ್ಟದಾದ ಹಾದಿ ಹೀಗೆಯೇ ಉಳಿಯಿತು. ನೆರೆಯ ಆಲ್ಬರ್ಟಾ ಪ್ರಾಂತದ ಫಾರೆಸ್ಟ್‌ಬರ್ಗ್‌ನಲ್ಲಿ ರೈತರ ಸಹಕಾರಿ ಸಂಘವೊಂದು 2010ರಲ್ಲಿ ಸುಮಾರು 80 ಕಿಲೋಮೀಟರ್ ಹಾದಿಯನ್ನು ಕೊಂಡು ಬ್ಯಾಟಲ್ ರಿವರ್ ರೈಲ್ವೆ ಎಂದು ಹೆಸರಿಟ್ಟಿತು. ಇಂಥ ಖರೀದಿಗಳಿಗೆ ಸಸ್ಕಾಚೆವಾನ್ ಸರಕಾರ ಬಡ್ಡಿಯಿಲ್ಲದ ಸಾಲ ನೀಡಿದ್ದೂ ಉಂಟು. ಬಡ್ಡಿ ಕಟ್ಟಬೇಕಾಗಿದ್ದರೆ ಈ ರೈಲುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ!

ಎಲ್ಲರೂ ಕೈಜೋಡಿಸಿದರು ಎಂದುಕೊಳ್ಳಬೇಡಿ. ನೂರು ಕಿಲೋಮೀಟರ್ ದೂರದ ಕಾಂಕ್ರೀಟು ಗೋಪುರಕ್ಕೆ ಲಾರಿಯಲ್ಲಿ ಒಯ್ದರೆ ಕಂಪೆನಿಯವರು ಒಂದಿಷ್ಟು ಹೆಚ್ಚು ಬೆಲೆ ಕೊಡುತ್ತಾರೆ, ಏಕೆಂದರೆ ಒಂದೇ ಜಾಗದಲ್ಲಿ ನೂರು ವ್ಯಾಗನ್ ತುಂಬಿದರೆ ದೊಡ್ಡ ರೈಲ್ವೆ ಅವರಿಗೆ ರಿಯಾಯಿತಿ ನೀಡುತ್ತದೆ. ಸಾಲವಿರುವ ರೈತ ಆ ಹಣ ಬಿಡಬೇಕೇ? ಬಿಡು ಎಂದು ಹೇಳುವ ಅಧಿಕಾರ ನಮಗೇನಿದೆ? ಆದರೆ ಅವನ ಲಾರಿ ಹೋದ ದಾರಿ ಊರಿನ ಜಲ್ಲಿ ರಸ್ತೆ. ನಲವತ್ತು ಟನ್ನಿನ ಲಾರಿಗಳು ಓಡಿ ಹಾಳಾದ ರಸ್ತೆಯ ದುರಸ್ತಿಯ ತೆರಿಗೆ ಅವನೇ ಕಟ್ಟಬೇಕು. ಊರಿನ ಹಳಿಗೆ ಹೊರೆ ಕಡಿಮೆಯಾದಷ್ಟೂ ಉಳಿದವರು ತೆರಬೇಕಾದ ಖರ್ಚು ಏರುತ್ತದೆ. ಒಂದು ಮನೆಯ ಲೆಕ್ಕದಲ್ಲಿ ಲಾಭವಾದದ್ದು ಊರಿನ ಲೆಕ್ಕದಲ್ಲಿ ನಷ್ಟವಾಗುವ ಈ ತೊಡಕು ನನ್ನನ್ನು ಬಹಳ ಕಾಡಿತು.

ತಮ್ಮ ಕೈಯಲ್ಲಿ ಇಲ್ಲದ್ದು

ಹಳಿ ತಮ್ಮದಾಯಿತು. ಆದರೆ ಹಳಿಯ ತುದಿಯಾಚೆ? ಶಾನವನ್ ಕಡೆಯ ಪುಟ್ಟ ರೈಲು ಅಸಿನಿಬೋಯಾದಲ್ಲಿ ವ್ಯಾಗನ್‌ಗಳನ್ನು ಕೆನಡಿಯನ್ ಪೆಸಿಫಿಕ್‌ಗೆ (2023ರಿಂದ ಅದರ ಹೆಸರು ಸಿಪಿಕೆಸಿ) ಒಪ್ಪಿಸಬೇಕು. ಖಾಲಿ ವ್ಯಾಗನ್ ಕೊಡುವವರೂ ಅವರೇ. ಕೊಟ್ಟ ದಿನ ಕೆಲಸ, ಕೊಡದ ದಿನ ಕಾಯುವುದು. 2013ರಲ್ಲಿ ಬಯಲಿನಲ್ಲಿ ದಾಖಲೆಯ ಬೆಳೆ ಬಂತು. ಅದರ ಬೆನ್ನಿಗೇ ಕ್ರೂರ ಚಳಿ. ಧಾನ್ಯ ಗುಡ್ಡೆಬಿತ್ತು, ವ್ಯಾಗನ್ ಸಿಗಲಿಲ್ಲ, ಬಂದರಿನಲ್ಲಿ ಹಡಗುಗಳು ಕಾದು ನಿಂತವು. 2014ರ ಮಾರ್ಚಿನಲ್ಲಿ ಕೇಂದ್ರ ಸರಕಾರವೇ ಎರಡೂ ದೊಡ್ಡ ರೈಲ್ವೆಗಳು ವಾರಕ್ಕೆ ತಲಾ ಐದು ಲಕ್ಷ ಟನ್ ಧಾನ್ಯ ಸಾಗಿಸಲೇಬೇಕೆಂದು ಆದೇಶಿಸಬೇಕಾಯಿತು. ಆಗ ದೊಡ್ಡ ಗೋಪುರಗಳಿಗೆ ಸಾಲಾಗಿ ವ್ಯಾಗನ್ ಕೊಟ್ಟರೆ ಲೆಕ್ಕ ಬೇಗ ತುಂಬುತ್ತದೆ, ಮೂಲೆಯ ಹಳಿಗೆ ಹತ್ತಿಪ್ಪತ್ತು ವ್ಯಾಗನ್ ಕಳಿಸುವ ತಾಳ್ಮೆ ಯಾರಿಗಿದೆ ಎಂಬುದು ಪುಟ್ಟ ರೈಲುಗಳವರ ದೂರಾಗಿತ್ತು.

ಅದಕ್ಕೂ ಮೊದಲು, 2012ರ ಆಗಸ್ಟ್ 1ರಂದು, ಗೋಧಿ ಮತ್ತು ಬಾರ್ಲಿಯ ಮಾರಾಟದಲ್ಲಿ ಕೆನಡಿಯನ್ ವೀಟ್ ಬೋರ್ಡ್‌ಗಿದ್ದ ಏಕಸ್ವಾಮ್ಯ ಕೊನೆಗೊಂಡಿತ್ತು. ಬೋರ್ಡ್ ಇದ್ದಾಗ ರೈತ ವ್ಯಾಗನ್ ತುಂಬಿದರೆ ಸಾಕು, ಕೊಳ್ಳುವವರು ಸಿದ್ಧ. ಅನಂತರ ಕೊಳ್ಳುವವರನ್ನು ತಾನೇ ಹುಡುಕಬೇಕಾಯಿತು. ಕೊಳ್ಳುವ ಕಂಪೆನಿಗಳಿಗೆ ತಮ್ಮದೇ ಗೋಪುರಗಳಿವೆ. ರೈತರು ತುಂಬುವ ವ್ಯಾಗನ್‌ಗಳ ಸಂಖ್ಯೆ ಇಳಿಯುತ್ತಾ ಹೋಯಿತು. ಇದರಿಂದ ರೈತನಿಗೆ ಸ್ವಾತಂತ್ರ್ಯ ಬಂತು ಎಂದು ಹೇಳುವ ರೈತರೂ ಅಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಪುಟ್ಟ ರೈಲಿಗೆ ಅದು ಪೆಟ್ಟೇ.

ಇನ್ನೊಂದು ಪೆಟ್ಟು ನಮ್ಮ ದಿಲ್ಲಿಯಿಂದ ಹೋಯಿತು. ನಮ್ಮ ರೈತರ ಬೇಳೆಗೆ ಬೆಲೆ ಕುಸಿದಿದೆಯೆಂದು ಭಾರತ ಸರಕಾರವು 2017ರ ನವೆಂಬರಿನಲ್ಲಿ ಆಮದು ಬಟಾಣಿಗೆ ಶೇ. 50 ಸುಂಕ ಹಾಕಿತು, ಡಿಸೆಂಬರಿನಲ್ಲಿ ಮಸೂರಿಗೆ ಮತ್ತು ಕಡಲೆಗೆ ಶೇ. 30. ಕಲಬುರಗಿಯ ತೊಗರಿ ಬೆಳೆಗಾರನ ಸಂಕಟ ಬಲ್ಲವರು ಇದನ್ನು ತಪ್ಪೆನ್ನಲಾರರು. ಆದರೆ ಅತ್ತ ಸಸ್ಕಾಚೆವಾನಿನ ಮನೆಗಳಲ್ಲಿ ಆ ವರ್ಷ ಮಸೂರ್ ಕಣಜದಲ್ಲೇ ಉಳಿಯಿತು. ಆ ಬಳಿಕ ಸುಂಕ ಹಲವು ಸಲ ಇಳಿಯಿತು, ಏರಿತು. ಪ್ರತಿ ಸಲವೂ ಯಾವ ಬೆಳೆ ಬಿತ್ತಬೇಕೆಂಬ ಲೆಕ್ಕ ಅಲ್ಲಿ ಬದಲಾಗುತ್ತದೆ.

ಶಾನವನ್ ಕಡೆಯ ಹೊಲಗಳ ಇನ್ನೊಂದು ಮುಖ್ಯ ಬೆಳೆ ಡ್ಯೂರಮ್ ಗೋಧಿ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಇದೇ ಜಾತಿಯ ಗೋಧಿಯದು. ಕೆನಡಾದ ಡ್ಯೂರಮನ್ನು ಬಹುಕಾಲದಿಂದ ಹೆಚ್ಚಾಗಿ ಕೊಳ್ಳುವವರಲ್ಲಿ ಅಲ್ಜೀರಿಯಾ ಮತ್ತು ಮೊರಾಕ್ಕೋ ಇವೆ. ಅಲ್ಲಿನ ಹೆಂಗಸರು ಆ ರವೆಯಿಂದ ಕುಸ್ಕುಸ್ ಮಾಡುತ್ತಾರೆ. ಜುಮಾ ದಿನದ ಮಧ್ಯಾಹ್ನ ಮನೆಮಂದಿಯೆಲ್ಲ ಒಂದೇ ತಟ್ಟೆಯ ಸುತ್ತ ಕುಳಿತು ತಿನ್ನುವ ಊಟ ಅದು. ಆ ತಟ್ಟೆಗೂ ಕಾಳು ಹೊರಟದ್ದು ಇಂಥ ಯಾವುದೋ ಪಕ್ಕದ ಹಳಿಯಿಂದ ಇದ್ದೀತು.

ಪ್ರತಿ ಲೆವೆಲ್ ಕ್ರಾಸಿಂಗ್ ಬಂದಾಗಲೂ ಎಂಜಿನ್ ಕೂಗಬೇಕು. ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಗೇಟಿಲ್ಲ, ಕಾವಲುಗಾರನಿಲ್ಲ, ಹೆಚ್ಚಿನ ಸಲ ರಸ್ತೆಯಲ್ಲಿ ಒಂದು ಲಾರಿಯೂ ಇರುವುದಿಲ್ಲ. ಆದರೂ ಕೂಗುತ್ತದೆ. ಕತ್ತಲಾಗುವ ಹೊತ್ತಿಗೆ ಕೊನೆಯ ಊರಿನಲ್ಲಿ ಖಾಲಿ ವ್ಯಾಗನ್‌ಗಳನ್ನು ಬಿಟ್ಟು, ಕಂಡಕ್ಟರ್ ಒಂದೊಂದನ್ನೇ ಹತ್ತಿ ಕೈಬ್ರೇಕ್ ತಿರುಗಿಸುತ್ತಾನೆ, ಇಳಿದು ವ್ಯಾಗನ್ ಅಲುಗುತ್ತದೆಯೇ ಎಂದು ನೋಡುತ್ತಾನೆ. ಬೆಳಿಗ್ಗೆ ಆ ಊರಿನ ರೈತ ತನ್ನ ಲಾರಿಯೊಂದಿಗೆ ಅಲ್ಲಿಗೆ ಬರುತ್ತಾನೆ.